ದಸರಾ ರಜೆ ವಿಟ್ಲದಲ್ಲಿ, ಶಾಲೆ ಪೆರ್ಲದಲ್ಲಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಓದುಗರೊಬ್ಬರ ಪತ್ರ: ಮಗಳು ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು. ದಸರಾಕ್ಕೆ ಕರ್ನಾಟಕದ ವಿಟ್ಲದಲ್ಲಿರುವ ಅಜ್ಜಿಮನೆಗೆ ಹೋದವಳನ್ನು ಅಕ್ಕನ ಮಕ್ಕಳ ರಜೆ ಮುಗಿಯುವ ತನಕ ಅಲ್ಲೇ ಬಿಟ್ಟೆವು. ಈಗ ಬೆಳಗಾದರೆ ಹೊಟ್ಟೆನೋವು ಅಂತ ಅಳುತ್ತಾಳೆ. ‘ನನ್ನನ್ನೂ ವಿಟ್ಲದ ಶಾಲೆಗೇ ಸೇರಿಸಿ’ ಅನ್ನುತ್ತಾಳೆ. ಸೇರಿಸಿಬಿಡುವುದೇ ಒಳ್ಳೆಯದಾ?

ಸಂಪಾದಕರ ಉತ್ತರ:

ಈ ವರ್ಷದ ಮಧ್ಯದಲ್ಲಿ ಸೇರಿಸಬೇಡಿ. ಆದರೆ ಅವಳ ಅಳುವನ್ನು ಹಟ ಅಂತ ತಳ್ಳಿಹಾಕಲೂಬೇಡಿ.

ಪೆರ್ಲದಿಂದ ಅಡ್ಕಸ್ಥಳ ದಾಟಿ, ಅಡ್ಯನಡ್ಕ ಕಳೆದರೆ ವಿಟ್ಲ. ಅದೇ ರಸ್ತೆ, ಅದೇ ಅಡಿಕೆ ತೋಟ, ಮನೆಯೊಳಗಿನ ಮಾತೂ ಅದೇ. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಮಕ್ಕಳ ಶಾಲೆಯ ಲೆಕ್ಕ ಬೇರೆಯಾಯಿತು. ಇಲ್ಲಿ ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ, ವಾರ್ಷಿಕ ಪರೀಕ್ಷೆ ಅಂತ ವರ್ಷಕ್ಕೆ ಮೂರು ಪಾಲು. ಮೊದಲೆರಡು ಮುಗಿದಾಗ ಸುಮಾರು ಹತ್ತು ದಿನದ ರಜೆ. ಆ ಕಡೆ ದೊಡ್ಡ ರಜೆ ಸಿಗುವುದು ದಸರಾಕ್ಕೆ. ಇಲ್ಲಿ ದಸರಾ ಅಂದರೆ ಪುಸ್ತಕ ಪೂಜೆಗಿಟ್ಟು ವಿಜಯದಶಮಿಗೆ ಎತ್ತುವಷ್ಟು ದಿನ. ಓಣಂಗೆ ನಿಮ್ಮ ಮಗಳು ಮನೆಯಲ್ಲಿದ್ದಾಗ ಅಕ್ಕನ ಮಕ್ಕಳು ಕ್ಲಾಸಿನಲ್ಲಿರುತ್ತಾರೆ. ಅವರು ಆಡುವಾಗ ಇವಳ ಹೆಗಲಿಗೆ ಬ್ಯಾಗು. ಒಂಬತ್ತು ವರ್ಷದ ಮಗುವಿಗೆ ಇದು ಅನ್ಯಾಯ ಅನ್ನಿಸದೆ ಇರುತ್ತದಾ?

ನನಗೆ ಕಾಣುವ ತೊಂದರೆ ಇನ್ನೊಂದಿದೆ. ಹಬ್ಬ, ಆಟ, ಅಣ್ಣ-ಅಕ್ಕಂದಿರು ಎಲ್ಲ ವಿಟ್ಲದಲ್ಲಿ. ಪೆರ್ಲದಲ್ಲಿ ಉಳಿದದ್ದು ಹೋಂವರ್ಕ್ ಮತ್ತು ಬೇಗ ಏಳುವುದು. ಹೀಗಾದರೆ ಯಾವ ಮಗುವಾದರೂ ಆ ಕಡೆಯ ಶಾಲೆಯನ್ನೇ ಬಯಸುತ್ತದೆ. ಅದಕ್ಕೆ ಮುಂದಿನ ದಸರಾಕ್ಕೆ ಅಕ್ಕನ ಮಕ್ಕಳನ್ನು ನಿಮ್ಮಲ್ಲಿಗೇ ಕರೆಸಿಕೊಳ್ಳಿ. ಇವಳು ಶಾಲೆಗೆ ಹೋಗಿ ಬರಲಿ, ಸಂಜೆ ಆಡಲು ಜನ ಇರಲಿ. ಮಧೂರು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಅನಂತಪುರದ ಕೆರೆ ನಡುವಿನ ದೇವಸ್ಥಾನ ತೋರಿಸಿ, ಒಂದು ಭಾನುವಾರ ಬೇಕಲ ಕೋಟೆ ಹತ್ತಿಸಿ. ತನ್ನ ಊರನ್ನು ತಾನೇ ತೋರಿಸುವ ಖುಷಿ ಅವಳಿಗೆ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಎರಡೂ ಕಡೆ ರಜೆ ಇರುತ್ತದಲ್ಲ, ವಿಟ್ಲದಲ್ಲಿ ಜಾಸ್ತಿ ದಿನ ಇರಲು ಅದೇ ಸರಿಯಾದ ಹೊತ್ತು.

ಈಗಿನ ಮಾತಿಗೆ ಬರೋಣ. ತಪ್ಪಿಹೋದ ಪಾಠವೇ ಅರ್ಧ ಹೊಟ್ಟೆನೋವು ಇರಬಹುದು. ಡಿಸೆಂಬರ್ ಪರೀಕ್ಷೆ ದೂರ ಇಲ್ಲ, ಗೆಳತಿಯರು ಮುಂದೆ ಹೋಗಿದ್ದಾರೆ, ಟೀಚರ್ ಕೇಳಿದರೆ ಏನು ಹೇಳುವುದು ಅನ್ನುವ ಹೆದರಿಕೆ. ನೀವೇ ಒಮ್ಮೆ ಹೋಗಿ ಕ್ಲಾಸ್ ಟೀಚರ್ ಹತ್ತಿರ ಇದ್ದದ್ದನ್ನು ಇದ್ದಹಾಗೆ ಹೇಳಿ. ಮಗಳ ಬಾಯಲ್ಲಿ ಜ್ವರದ ಸುಳ್ಳು ಹೇಳಿಸಬೇಡಿ. ಬಿಟ್ಟುಹೋದ ನೋಟ್ಸನ್ನು ಒಂದೇ ರಾತ್ರಿ ಬರೆಸದೆ ದಿನಕ್ಕೆ ಸ್ವಲ್ಪ ಸ್ವಲ್ಪ ಬರೆಸಿ. ಪಕ್ಕದ ಮನೆಯ ಮಗುವಿನ ಜೊತೆ ನಡೆದು ಹೋಗುವಂತಿದ್ದರೆ ಇನ್ನೂ ಒಳ್ಳೆಯದು. ರಜೆಯ ದಿನವೂ ನೋವು ಅಂದರೆ ಡಾಕ್ಟರಿಗೆ ತೋರಿಸಿ.

ಶಾಲೆ ಬದಲಿಸುವ ಪ್ರಶ್ನೆ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬರಲಿ. ಇಲ್ಲಿ ಎಲ್‌ಪಿ (ಕಿರಿಯ ಪ್ರಾಥಮಿಕ) ನಾಲ್ಕಕ್ಕೆ ಮುಗಿಯುತ್ತದೆ, ಐದರಿಂದ ಯುಪಿ (ಹಿರಿಯ ಪ್ರಾಥಮಿಕ). ಹಾಗಾಗಿ ಹೇಗೂ ಆಗ ಯೋಚಿಸಬೇಕು. ಯೋಚಿಸುವಾಗ ಒಂದು ವಿಷಯ ನೆನಪಿರಲಿ. ಕೇರಳದಲ್ಲಿ ಜೂನ್‌ನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಟೀಚರ್ ಹುದ್ದೆ ನಿಲ್ಲುವುದು ಆ ಲೆಕ್ಕದ ಮೇಲೆ. ಕನ್ನಡ ಡಿವಿಜನ್‌ನಲ್ಲಿ ಒಂದು ಮಗು ಕಡಿಮೆಯಾದರೂ ನನಗೆ ಸಂಕಟವಾಗುತ್ತದೆ. ಆದರೆ ಆ ಭಾರವನ್ನು ನಿಮ್ಮ ಮಗಳ ಮೇಲೆ ಹೊರಿಸಲಾರೆ. ಅವಳಿಗೆ ಎಲ್ಲಿ ಚೆನ್ನಾಗಿ ಕಲಿಯಲು ಆಗುತ್ತದೆ, ರಾತ್ರಿ ಅಪ್ಪ-ಅಮ್ಮನ ಹತ್ತಿರ ಮಲಗಲು ಆಗುತ್ತದೆ, ಅದನ್ನು ಮೊದಲು ನೋಡಿ. ಪೆರ್ಲದ ಸುತ್ತಮುತ್ತ ಕನ್ನಡದಲ್ಲಿ ಐದನೇ ಕ್ಲಾಸು ಇರುವ ಶಾಲೆಗಳಿಗೆ ಮಾರ್ಚ್‌ನೊಳಗೆ ಅವಳನ್ನೂ ಕರೆದುಕೊಂಡು ಹೋಗಿ ಬನ್ನಿ.