ಬಿತ್ತನೆಗೆ ಮಣ್ಣಿನ ಬಿಸಿ, ಕೊಯ್ಲಿಗೆ ಗಡ್ಡೆಯ ರಸ

ಸಕ್ಕರೆ ಬೀಟ್ ಬಿತ್ತನೆ ಮತ್ತು ಕೊಯ್ಲಿನ ಕಾಲದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಹೊಲ ಹದವಾಗಿದೆ, ಆದರೆ ಚಳಿ ಇನ್ನೂ ಬಿಟ್ಟಿಲ್ಲ. ಈಗಲೇ ಬಿತ್ತಬಹುದೇ?

ಉತ್ತರ: ತಾರೀಖು ನೋಡಬೇಡಿ, ಮಣ್ಣಿನ ಬಿಸಿ ನೋಡಿ. ಬೆಳಿಗ್ಗೆ ಏಳೆಂಟು ಗಂಟೆಗೆ ಥರ್ಮಾಮೀಟರನ್ನು 5 ಸೆಂ.ಮೀ. ಆಳಕ್ಕೆ ಚುಚ್ಚಿ, ಎರಡು ನಿಮಿಷ ಬಿಟ್ಟು ಓದಿ. ಮೂರು ನಾಲ್ಕು ದಿನ ಬಿಡದೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದು, ಇನ್ನೂ ಏರುವ ಲಕ್ಷಣ ಕಂಡರೆ ಬಿತ್ತಿ. ಬೀಜ 3 ಡಿಗ್ರಿಯ ಆಸುಪಾಸಿನಲ್ಲೇ ಮೊಳೆಯಲು ಶುರುಮಾಡುತ್ತದೆ ನಿಜ. ಆದರೆ ಅಷ್ಟು ತಣ್ಣನೆಯ ಮಣ್ಣಿನಲ್ಲಿ ವಾರಗಟ್ಟಲೆ ಬಿದ್ದಿದ್ದು ಕೊಳೆಯುತ್ತದೆ. ಈ ನಡುವೆ ಜೋರು ಮಳೆ ಬಂದು ಮೇಲ್ಮಣ್ಣು ಒಣಗಿ ಗಟ್ಟಿ ಪದರವಾದರೆ ಮೊಳಕೆಗೆ ಅದನ್ನು ಒಡೆದು ಬರುವ ಶಕ್ತಿಯಿಲ್ಲ. ಬಂದ ಸಸಿಯೂ ಬೀಜದೆಲೆಯ ಹಂತದಲ್ಲಿ ಮೈನಸ್ 3–4 ಡಿಗ್ರಿಯ ಹಿಮಕ್ಕೆ ಸಾಯುತ್ತದೆ. ಮಣ್ಣು 10 ಡಿಗ್ರಿ ಇದ್ದರೆ ಎರಡು ಎರಡೂವರೆ ವಾರಕ್ಕೆ, 15 ಇದ್ದರೆ ಹತ್ತು ದಿನಕ್ಕೆ ಸಾಲು ಕಾಣುತ್ತದೆ.

ಹಾಗೆಂದು ಕಾಯುತ್ತ ಕೂರುವುದೂ ತಪ್ಪು. ಸಕ್ಕರೆ ತಯಾರಾಗುವುದು ಎಲೆಯ ಮೇಲೆ ಬಿದ್ದ ಬೆಳಕಿನಿಂದ. ಹಗಲು ಅತಿ ದೀರ್ಘವಾಗಿರುವ ವಾರಗಳಲ್ಲಿ ಸಾಲುಗಳ ನಡುವೆ ಬರಿ ಮಣ್ಣು ಕಾಣುತ್ತಿದ್ದರೆ ಅಷ್ಟೂ ಬೆಳಕು ದಂಡ, ಆಮೇಲೆ ಯಾವ ಗೊಬ್ಬರವೂ ಅದನ್ನು ತುಂಬಿಕೊಡದು. ಬೀಜದ ಆಳ 2–3 ಸೆಂ.ಮೀ., ಸಾಲಿನಿಂದ ಸಾಲಿಗೆ 45–50, ಗಿಡದಿಂದ ಗಿಡಕ್ಕೆ 16–20 ಸೆಂ.ಮೀ. ಇರಲಿ. ಬಿಸಿ ಸರಿಯಿದ್ದೂ ಮಣ್ಣು ಮುಷ್ಟಿಯಲ್ಲಿ ಅಂಟು ಉಂಡೆಯಾಗುತ್ತಿದ್ದರೆ ಕೂರಿಗೆ ಇಳಿಸಬೇಡಿ. ಹಸಿ ಮಣ್ಣು ತುಳಿದು ಗಟ್ಟಿಯಾದರೆ ತಾಯಿಬೇರು ಕೆಳಗಿಳಿಯದೆ ಕವಲೊಡೆಯುತ್ತದೆ.

ಬೇಸಿಗೆ ಉರಿಯುವ ಪ್ರದೇಶಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಬಿಸಿಲು ಇಳಿಯುವಾಗ ಬಿತ್ತಿ, ಮುಂದಿನ ಬೇಸಿಗೆ ಬಲಿಯುವ ಮೊದಲೇ ಕೀಳಬೇಕು. ಈಜಿಪ್ಟಿನಲ್ಲಿ ಬೆಳೆಯುವುದು ಹೀಗೇ.

ಪ್ರಶ್ನೆ: ಬೇಗ ಬಿತ್ತಿದ ಪಟ್ಟಿಯಲ್ಲಿ ಗಿಡಗಳು ಹೂದಂಟು ಎಬ್ಬಿಸಿವೆ. ಬೀಜದ ದೋಷವೇ?

ಉತ್ತರ: ಹೆಚ್ಚಾಗಿ ಚಳಿಯ ಕೆಲಸ. ಇದು ಎರಡು ವರ್ಷದ ಗಿಡ. ಮೊದಲ ವರ್ಷ ಗಡ್ಡೆ, ಚಳಿಗಾಲ ಕಳೆದ ಮೇಲೆ ಹೂವು. ಎಳೆಯ ಸಸಿ ವಾರಗಟ್ಟಲೆ 3ರಿಂದ 12 ಡಿಗ್ರಿಯ ನಡುವೆ ಸಿಕ್ಕಿಕೊಂಡರೆ ಚಳಿಗಾಲ ಮುಗಿಯಿತೆಂದೇ ತಿಳಿದು ದಂಟು ಏರಿಸುತ್ತದೆ. ಆ ಗಡ್ಡೆ ನಾರಾಗುತ್ತದೆ, ಸಕ್ಕರೆ ಕಡಿಮೆ, ಕಾರ್ಖಾನೆಯ ಅಲಗಿಗೂ ತೊಂದರೆ. ದಂಟು ಮುರಿದರೆ ಸಾಲದು, ಮತ್ತೆ ಚಿಗುರುತ್ತದೆ. ಬೀಜ ಕಟ್ಟುವ ಮುಂಚೆ ಬೇರುಸಹಿತ ಕಿತ್ತು ಹೊಲದಿಂದಾಚೆ ಸಾಗಿಸಿ. ಉದುರಿದ ಬೀಜ ವರ್ಷಗಟ್ಟಲೆ ಮಣ್ಣಲ್ಲಿ ಉಳಿದು ಮುಂದಿನ ಬೀಟ್ ಬೆಳೆಗೆ ಕಳೆಯಾಗುತ್ತದೆ. ಬೇಗ ಬಿತ್ತಲೇಬೇಕಾದರೆ ಹೂದಂಟು ತಡೆಯುವ ತಳಿಯನ್ನೇ ಕೇಳಿ.

ಪ್ರಶ್ನೆ: ಕೆಳಗಿನ ಎಲೆಗಳು ಹಳದಿಯಾಗಿವೆ. ಕೀಳಬಹುದೇ?

ಉತ್ತರ: ಹಳದಿ ಎಲೆಯೊಂದನ್ನೇ ನಂಬಬೇಡಿ. ನೀರು ಸಾಲದಿದ್ದರೂ, ಎಲೆಚುಕ್ಕೆ ರೋಗ ತಗುಲಿದರೂ ಹಾಗೇ ಕಾಣುತ್ತದೆ. ಹೊಲದುದ್ದಕ್ಕೂ ಅಂಕುಡೊಂಕಾಗಿ ನಡೆದು 20 ಗಡ್ಡೆ ಕೀಳಿ, ದಪ್ಪನೆಯವನ್ನೇ ಆರಿಸದಿರಿ. ನೆತ್ತಿಯಲ್ಲೂ ಬಾಲದಲ್ಲೂ ಸಕ್ಕರೆ ಕಡಿಮೆ, ಆದ್ದರಿಂದ ಪ್ರತಿಯೊಂದರ ನಡುಭಾಗದಿಂದ ಚೂರು ತೆಗೆದು ತುರಿದು, ಬಟ್ಟೆಯಲ್ಲಿ ಹಿಂಡಿ, ರಸವನ್ನು ಅದರ ಸಾಂದ್ರತೆ ತೋರಿಸುವ ರಿಫ್ರಾಕ್ಟೋಮೀಟರಿಗೆ ಹನಿಸಿ. ಬ್ರಿಕ್ಸ್, ಅಂದರೆ ರಸದಲ್ಲಿ ಕರಗಿದ್ದೆಲ್ಲದರ ಶೇಕಡಾ ಪ್ರಮಾಣ, 20 ತೋರಿಸಿದರೆ ಸಕ್ಕರೆಯೇ 20 ಎಂದಲ್ಲ. ಕರಗಿದ ಇತರ ವಸ್ತುಗಳೂ ಅದರಲ್ಲಿವೆ. ಶುದ್ಧತೆ, ಅಂದರೆ ಕರಗಿದ್ದರಲ್ಲಿ ಸಕ್ಕರೆಯ ಪಾಲು, ಶೇ. 85ರಷ್ಟು ಎಂದುಕೊಂಡರೆ ರಸದಲ್ಲಿ ಸಕ್ಕರೆ ಸುಮಾರು ಶೇ. 17. ವಾರಕ್ಕೊಮ್ಮೆ ಅದೇ ಹೊತ್ತಿಗೆ ಅಳೆದು, ಗಡ್ಡೆಗಳ ತೂಕದ ಜೊತೆ ಬರೆದಿಡಿ. ಎರಡೂ ಏರುವುದು ನಿಂತಾಗ ಬೆಳೆ ಬಲಿತಂತೆ.

ಕೊನೆಯ ಎರಡು ಮೂರು ವಾರ ನೀರು ಕಟ್ಟಬೇಡಿ. ಸಾರಜನಕವಂತೂ ಎಂಟು ಹತ್ತು ಎಲೆಯ ಹಂತಕ್ಕೇ ಮುಗಿದಿರಬೇಕು. ತಡವಾಗಿ ಕೊಟ್ಟ ಯೂರಿಯಾ ಹಸಿರೆಲೆ ಕೊಡುತ್ತದೆ, ಗಡ್ಡೆಯ ರಸದಲ್ಲಿ ಅಮೈನೋ ಸಾರಜನಕ ಹೆಚ್ಚಿಸಿ ಸಕ್ಕರೆ ಹರಳಾಗದಂತೆ ಕಾಕಂಬಿಗೆ ಎಳೆಯುತ್ತದೆ. ಗಡ್ಡೆ ಕೀಳುವಾಗ ನೆಲ ಕಲ್ಲಿನಂತಿದ್ದರೆ ಬಾಲ ಮುರಿದು ತೂಕ ಮಣ್ಣಲ್ಲೇ ಉಳಿಯುತ್ತದೆ. ಆಗ ಮಾತ್ರ ತೆಳುವಾಗಿ ಒಂದು ನೀರು ಹಾಯಿಸಿ.

ಪ್ರಶ್ನೆ: ಕೀಳಬೇಕೆನ್ನುವಾಗ ಮಳೆ ಸುರಿದು ಬ್ರಿಕ್ಸ್ ಇಳಿಯಿತು. ಸಕ್ಕರೆ ಹೋಯಿತೇ?

ಉತ್ತರ: ತೂಕ ನೋಡಿ ಹೇಳಬೇಕು. ಬ್ರಿಕ್ಸ್ ಇಳಿದು ಗಡ್ಡೆಯ ತೂಕ ಏರಿದ್ದರೆ ನೀರು ತುಂಬಿದೆ ಅಷ್ಟೇ, ಸಕ್ಕರೆ ಅಲ್ಲೇ ಇದೆ. ವಾರ ಹತ್ತು ದಿನ ಒಣಹವೆ ಸಿಕ್ಕರೆ ಬ್ರಿಕ್ಸ್ ಮತ್ತೆ ಏರುತ್ತದೆ. ತೂಕ ಏರದೆ, ನಡುವಿನಿಂದ ತಿಳಿಹಸಿರು ಎಲೆಗಳು ಗೊಂಚಲಾಗಿ ಹೊರಟಿದ್ದರೆ ಗಿಡ ಕೂಡಿಟ್ಟ ಸಕ್ಕರೆಯನ್ನೇ ಖರ್ಚುಮಾಡುತ್ತಿದೆ. ರೋಗದಿಂದ ಎಲೆ ಕಳೆದುಕೊಂಡ ಹೊಲದಲ್ಲಿ ಹೀಗಾಗುವುದು ಹೆಚ್ಚು. ಆ ಹೊಸ ಎಲೆ ದುಡಿದು ಸಾಲ ತೀರಿಸಲು ವಾರಗಳು ಬೇಕು. ಅಷ್ಟು ದಿನ ಕೈಯಲ್ಲಿಲ್ಲದಿದ್ದರೆ ನೆಲ ಕಾಲು ಹೂಳದಷ್ಟು ಗಟ್ಟಿಯಾದ ಕೂಡಲೇ ಕಿತ್ತುಬಿಡಿ.

ಪ್ರಶ್ನೆ: ಕಿತ್ತು ರಾಶಿ ಹಾಕಿದರೆ ಎಷ್ಟು ದಿನ ಇಡಬಹುದು?

ಉತ್ತರ: ಬಿಸಿ ಹವೆಯಲ್ಲಿ 48 ಗಂಟೆಯೊಳಗೆ ಕಾರ್ಖಾನೆ ಸೇರಲಿ. ಕಿತ್ತ ಮೇಲೂ ಗಡ್ಡೆ ಉಸಿರಾಡುತ್ತ ಸಕ್ಕರೆ ಸುಡುತ್ತಿರುತ್ತದೆ. ರಾಶಿಯೊಳಗೆ 5 ಡಿಗ್ರಿಯ ಆಸುಪಾಸು ಇರುವ ತಂಪು ಕಾಲದಲ್ಲಿ ವಾರಗಳ ಕಾಲ ನಿಲ್ಲುತ್ತದೆ. ಹಿಮಗಟ್ಟಿ ಕರಗಿದ ಗಡ್ಡೆಯನ್ನು ಮಾತ್ರ ರಾಶಿಗೆ ಸೇರಿಸಲೇಬೇಡಿ. ಒಡೆದ ಕೋಶಗಳಲ್ಲಿ ಬ್ಯಾಕ್ಟೀರಿಯಾ ಸೇರಿ ಡೆಕ್ಸ್‌ಟ್ರಾನ್ ಎಂಬ ಲೋಳೆ ಕಟ್ಟುತ್ತದೆ, ಕಾರ್ಖಾನೆಯ ಸೋಸುಬಟ್ಟೆ ಕಟ್ಟಿಕೊಳ್ಳುವುದು ಅದರಿಂದಲೇ.