ಕನ್ನಡದ ಮುಖ ಕಂಡೊಡನೆ ತಡವರಿಸುವ ಇಂಗ್ಲಿಷ್

ನ್ಯೂಜೆರ್ಸಿಯಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ಬರೆದವರು ಸಾಗರದ ಕಡೆಯ ಹೆಣ್ಣುಮಗಳು. ನಾಲ್ಕು ವರ್ಷಗಳಿಂದ ಅಲ್ಲಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದಾರೆ. ಅಮೆರಿಕನ್ ಸಹೋದ್ಯೋಗಿಗಳೊಡನೆ ಇಂಗ್ಲಿಷ್ ಸಲೀಸು. ಆದರೆ ಆರು ತಿಂಗಳ ಹಿಂದೆ ಮೈಸೂರಿನವರೊಬ್ಬರು ಮ್ಯಾನೇಜರ್ ಆಗಿ ಬಂದಂದಿನಿಂದ, ಅವರೆದುರು ಬಾಯಿ ತೆರೆದರೆ ಪದ ಸಿಗುವುದಿಲ್ಲ, ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಒಮ್ಮೆ ಸಭೆಯಲ್ಲಿ ‘ಯೆಸ್ಟರ್‌ಡೇ ಓನ್ಲಿ ಐ ಟೋಲ್ಡ್’ ಎಂದಾಗ ಆ ಮ್ಯಾನೇಜರ್ ಮುಗುಳ್ನಕ್ಕರಂತೆ. ಅದು ಇವರ ನಿದ್ದೆ ಕೆಡಿಸಿದೆ. ಸಂಗತಿ ತಿಳಿದ ಪತಿ, ಮನೆಯಲ್ಲಿ ಇನ್ನು ಇಂಗ್ಲಿಷ್ ಮಾತ್ರ ಎಂದು ನಿಯಮ ಮಾಡಿದ್ದಾರೆ. ನಾಲ್ಕು ವರ್ಷದ ಮಗಳಿಗೂ ಅದೇ ನಿಯಮ. ಕನ್ನಡವನ್ನು ಸ್ವಲ್ಪ ಕಾಲ ಬದಿಗಿಡುವುದು ಸರಿಯೇ ಎಂಬುದು ಇವರ ಪ್ರಶ್ನೆ.

ಸರಿಯಲ್ಲ. ಮೊದಲು ನಿಮ್ಮ ನಾಲಿಗೆಗೆ ಏನಾಗುತ್ತಿದೆ ಎಂಬುದನ್ನು ನೋಡೋಣ, ಏಕೆಂದರೆ ಅದು ನೀವು ಭಾವಿಸಿರುವಂತೆ ದಡ್ಡತನವೂ ಅಲ್ಲ, ಕೀಳರಿಮೆಯೂ ಅಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಶು ಝಾಂಗ್, ಮೈಕೆಲ್ ಮಾರಿಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚೀನಾದಿಂದ ಬಂದ ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಪರದೆಯ ಮೇಲಿನ ಮುಖವೊಂದರೊಡನೆ ಇಂಗ್ಲಿಷಿನಲ್ಲಿ ಮಾತನಾಡಿಸಿದರು. ಪರದೆಯ ಮೇಲೆ ಚೀನೀ ಮುಖವಿದ್ದಾಗ ಅವರ ಮಾತು ಕುಂಟಿತು, ಬಿಳಿಯರ ಮುಖವಿದ್ದಾಗ ಸರಾಗವಾಯಿತು. ಮುಖವೇ ಬೇಕೆಂದಿಲ್ಲ, ಚೀನಾದ ಮಹಾಗೋಡೆಯಂಥ ಚಿತ್ರಗಳೂ ಅದೇ ಕೆಲಸ ಮಾಡಿದವು. ಅಂಥ ಚಿತ್ರಗಳನ್ನು ನೋಡಿದವರು ಪಿಸ್ತಾವನ್ನು ಪಿಸ್ತಾ ಎನ್ನದೆ, ಚೀನೀ ಹೆಸರನ್ನೇ ಇಂಗ್ಲಿಷಿಗೆ ಇಳಿಸಿ ‘ಹ್ಯಾಪಿ ನಟ್ಸ್’ ಎಂದುಬಿಡುತ್ತಿದ್ದರು. ತಾಯ್ನುಡಿಯನ್ನು ನೆನಪಿಸುವ ವಸ್ತುವೊಂದು ಕಣ್ಣಿಗೆ ಬಿದ್ದರೆ ತಾಯ್ನುಡಿ ಎಚ್ಚರಗೊಂಡು, ಎರಡನೆಯ ಭಾಷೆಯ ಪದಕ್ಕಿಂತ ಮೊದಲೇ ನಾಲಿಗೆಗೆ ಬಂದು ಕೂರುತ್ತದೆ.

ನಿಮ್ಮ ‘ಓನ್ಲಿ’ ಬಂದದ್ದೂ ಹೀಗೆಯೇ. ನಿಮ್ಮ ಮನಸ್ಸು ‘ನಿನ್ನೆಯೇ ಹೇಳಿದೆ’ ಎಂದಿತು. ಆ ‘ಏ’ ಎಂಬ ಒಂದಕ್ಷರದ ಒತ್ತನ್ನು ಇಂಗ್ಲಿಷಿನಲ್ಲಿ ಎಲ್ಲಿಡಬೇಕೆಂದು ತೋಚದೆ ‘ಓನ್ಲಿ’ ಎಂದು ಇಟ್ಟಿರಿ. ಮೈಸೂರಿನಲ್ಲಿ ಬೆಳೆದವರಿಗೆ ಅದರೊಳಗಿನ ‘ನಿನ್ನೆಯೇ’ ಕೇಳಿಸದೆ ಇರುವುದಿಲ್ಲ. ಆ ನಗೆ ಹೀಯಾಳಿಕೆಯದು ಎನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಒಂದು ಆಧಾರವೂ ನನಗೆ ಸಿಗಲಿಲ್ಲ. ಅವರ ಮೇಲಿನ ಕೋಪವನ್ನು ಬಿಡಿ.

ನನಗೆ ಕೋಪ ಬಂದದ್ದು ಬೇರೊಂದು ಸಾಲಿಗೆ. ಪತ್ರದ ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ‘ಮೊದಲು ದಿನವೂ ಕಾರಿನಲ್ಲಿ ಹೋಗುವಾಗ ಅಮ್ಮನಿಗೆ ಫೋನ್ ಮಾಡುತ್ತಿದ್ದೆ, ಮೂರು ತಿಂಗಳಿಂದ ಭಾನುವಾರ ಮಾತ್ರ’ ಎಂದು ಬರೆದು ಮುಂದೆ ಸಾಗಿದ್ದೀರಿ. ಆಫೀಸಿಗೆ ಮುಂಚೆ ಕನ್ನಡ ಮಾತನಾಡಿದರೆ ಇಂಗ್ಲಿಷ್ ಕೆಡುತ್ತದೆ ಎಂಬ ಕಾರಣಕ್ಕೆ ಪತಿ ಅದನ್ನು ನಿಲ್ಲಿಸಿದ್ದಾರೆ. ಅಲ್ಲಿ ಬೆಳಿಗ್ಗೆ ಎಂಟಾದರೆ ಸಾಗರದಲ್ಲಿ ಸಂಜೆ, ದೀಪ ಹಚ್ಚುವ ಹೊತ್ತು. ಆ ಹೊತ್ತಿಗೆ ಮಗಳ ಫೋನಿಗಾಗಿ ಕಾದು ಅಭ್ಯಾಸವಾದ ತಾಯಿಗೆ ಯಾವ ಕಾರಣ ಕೊಟ್ಟಿರಿ ಎಂಬುದನ್ನೂ ನೀವು ಬರೆದಿಲ್ಲ.

ನಿಮ್ಮ ಪತಿಯ ಲೆಕ್ಕ ತಪ್ಪು ಎಂಬುದಕ್ಕೆ ನಿಮ್ಮ ಪತ್ರವೇ ಸಾಕ್ಷಿ. ಅಮ್ಮನೊಡನೆ ದಿನವೂ ಮಾತನಾಡುತ್ತಿದ್ದ ಕಾಲದಲ್ಲಿ, ಫೋನಿಟ್ಟ ಅರ್ಧ ಗಂಟೆಯಲ್ಲಿ ಅಮೆರಿಕನ್ನರ ನಡುವೆ ಕುಳಿತು ಒಂದು ತಡವರಿಕೆಯೂ ಇಲ್ಲದೆ ಮಾತನಾಡಿದ್ದೀರಿ. ಮೂರು ತಿಂಗಳು ಕನ್ನಡ ಬಿಟ್ಟ ಮೇಲೂ ಮ್ಯಾನೇಜರ್ ಎದುರಿನ ತಡವರಿಕೆ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ತೊಡಕು ಇರುವುದು ಆ ಕ್ಷಣದಲ್ಲಿ, ಆ ಮುಖದೆದುರು. ಮನೆಯ ಕನ್ನಡದಲ್ಲಿ ಅಲ್ಲ. ಫ್ರಾಂಸ್ವಾ ಗ್ರೋಜಾನ್ ಎಂಬ ಭಾಷಾವಿಜ್ಞಾನಿ 1989ರಲ್ಲೇ, ಎರಡು ಭಾಷೆ ಬಲ್ಲವನೆಂದರೆ ಒಬ್ಬನೊಳಗಿರುವ ಇಬ್ಬರು ಏಕಭಾಷಿಕರಲ್ಲ ಎಂದು ವಾದಿಸಿದ್ದರು. ಎರಡೂ ಭಾಷೆಗಳು ಒಂದೇ ಮನಸ್ಸಿನಲ್ಲಿ ಬೆರೆತು ಬಾಳುತ್ತವೆ. ಒಂದನ್ನು ಹೊರಗಟ್ಟಿದರೆ ಇನ್ನೊಂದಕ್ಕೆ ಜಾಗ ಹೆಚ್ಚುತ್ತದೆ ಎನ್ನಲು ಅದು ಬಾಡಿಗೆ ಮನೆಯಲ್ಲ. ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಇಂಗ್ಲಿಷ್ ಉದ್ಧಾರಕ್ಕೆಂದು ಕನ್ನಡವನ್ನು ಬಲಿ ಕೊಡಬೇಕೆನ್ನುವವರಿಗೆ ಎರಡೂ ಭಾಷೆಗಳ ಸ್ವಭಾವ ತಿಳಿದಿಲ್ಲ. ನಿಮ್ಮ ಮಗಳಿಗೆ ಇಂಗ್ಲಿಷನ್ನು ಶಾಲೆ, ಬೀದಿ, ಟಿವಿ ಎಲ್ಲವೂ ಕಲಿಸುತ್ತವೆ. ಅಜ್ಜಿಯೊಡನೆ ಮಾತನಾಡುವ ಭಾಷೆಯನ್ನು ಕಲಿಸಲು ಅಲ್ಲಿರುವವರು ನೀವಿಬ್ಬರೇ.

ಸಭೆಯ ಮಟ್ಟಿಗೆ ಹೇಳುವುದಾದರೆ, ವರದಿ ಒಪ್ಪಿಸುವಾಗ ಪರದೆಯ ಮೇಲೆ ನಿಮ್ಮ ಸ್ಲೈಡುಗಳನ್ನು ಹಾಕಿ, ಅವುಗಳನ್ನೇ ನೋಡುತ್ತ ಮಾತನಾಡಿ. ಪದ ಸಿಗದಿದ್ದರೆ ಒಂದು ಉಸಿರು ನಿಲ್ಲಿ. ಅಷ್ಟು ಸಾಕು, ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಅದಕ್ಕೆ ಬೇಡ.

ಆದರೆ ಒಂದು ಕೆಲಸವನ್ನು ಮಾತ್ರ ತಪ್ಪದೆ ಮಾಡಿ. ನಾಳೆ ಬೆಳಿಗ್ಗೆ ಕಾರು ಹತ್ತಿದೊಡನೆ, ಯಾರ ಅನುಮತಿಯನ್ನೂ ಕೇಳದೆ, ಅಮ್ಮನಿಗೆ ಫೋನ್ ಮಾಡಿ. ಮೂರು ತಿಂಗಳಿಂದ, ‘ಮಗಳಿಗೆ ಪುರಸೊತ್ತಿಲ್ಲ, ಭಾನುವಾರ ಹೇಳಿದರಾಯಿತು’ ಎಂದು ಅವರು ನುಂಗಿಕೊಂಡ ಸುದ್ದಿಗಳು ಎಷ್ಟೋ ಇರುತ್ತವೆ. ಆಫೀಸು ಬರುವವರೆಗೂ ಅವರೇ ಮಾತನಾಡಲಿ.