ಬಿ.ಟೆಕ್ ಸಿಗದವಳಿಗೆ ಎಂ.ಟೆಕ್ ಸಿಕ್ಕೀತಾ?

ಪ್ರಶ್ನೆ: ಮಗಳು ಜೆಇಇ ಬರೆದಿದ್ಳು, ಮುಂಬೈಯ ಪವಾಯಿ ಐಐಟಿ ಸಿಗ್ಲಿಲ್ಲ. ಈಗ ಇಲ್ಲೇ ಒಂದು ಕಾಲೇಜಲ್ಲಿ ಮೆಕ್ಯಾನಿಕಲ್, ಮೂರನೇ ವರ್ಷ. ಎಂ.ಟೆಕ್‌ಗೆ ಐಐಟಿ ಸೇರೋದು ಏನೂ ಕಷ್ಟ ಇಲ್ಲ, ಅದು ಹಿಂಬಾಗಿಲು ಅಂತಾನೆ ನನ್ನ ಮೈದುನ. ಹೌದಾ? ಸುಮ್ನೆ ಆಸೆ ಹುಟ್ಟಿಸೋಕೆ ಭಯ.
- ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಕ್ಕಾ, ಮೈದುನ ಹೇಳಿದ್ದು ಅರ್ಧ ಸರಿ, ಆದ್ರೆ ಆ ಹಿಂಬಾಗಿಲ ಮಾತು ಮಗಳ ಎದುರು ಆಡ್ಬೇಡ ಅಂತ ಹೇಳಿ ಅವ್ರಿಗೆ.

ಜೆಇಇ ಮೇನ್ 10 ಲಕ್ಷಕ್ಕೂ ಜಾಸ್ತಿ ಮಕ್ಕಳು ಬರೀತಾರೆ, ಅದ್ರಲ್ಲಿ ಸುಮಾರು 2.5 ಲಕ್ಷ ಜನಕ್ಕೆ ಐಐಟಿಗೆ ಬೇಕಾದ ಎರಡನೇ ಪರೀಕ್ಷೆ ಅಡ್ವಾನ್ಸ್‌ಡ್ ಬರೆಯೋ ಚಾನ್ಸು, 2024ರಲ್ಲಿ ಎಲ್ಲಾ ಐಐಟಿ ಸೇರಿ ಇದ್ದ ಸೀಟು 17 ಸಾವಿರ ಚಿಲ್ರೆ. ಅಡ್ವಾನ್ಸ್‌ಡ್ ಬೇರೆ ಎರಡೇ ಸಲ. ಎಂ.ಟೆಕ್ ಸೇರೋಕೆ ಬರೆಯೋ ಗೇಟ್‌ಗೆ ವಯಸ್ಸಿನ ಕಟ್ಟಿಲ್ಲ, ಎಷ್ಟು ಸಲಾನಾದ್ರೂ ಬರೀಬಹುದು, ಮೂರನೇ ವರ್ಷದಲ್ಲೇ ಶುರು ಮಾಡ್ಬಹುದು, ಸ್ಕೋರು 3 ವರ್ಷ ನಡೆಯತ್ತೆ, ಕೆಮಿಸ್ಟ್ರಿ ಗೊಡವೆ ಇಲ್ಲ, 100 ಮಾರ್ಕ್ಸಲ್ಲಿ 15 ಆಪ್ಟಿಟ್ಯೂಡು ಬಿಟ್ರೆ ಮಿಕ್ಕಿದ್ದೆಲ್ಲಾ ಅವಳು ಈಗ ಓದ್ತಿರೋ ಥರ್ಮೋ, ಫ್ಲೂಯಿಡ್ಸು, ಮ್ಯಾತ್ಸೇ. ಅಲ್ದೆ ಐಐಟಿ ಬಿ.ಟೆಕ್‌ನವ್ರು ಬಹಳ ಜನ ನೌಕರಿಗೋ ಅಮೆರಿಕಾಕ್ಕೋ ಹೊರಟುಬಿಡ್ತಾರೆ, ಹಂಗಾಗಿ ಅವತ್ತು ಜೆಇಇಲಿ ಇವಳನ್ನ ಹಿಂದೆ ಹಾಕಿದವ್ರು ಗೇಟಲ್ಲಿ ಅಷ್ಟಾಗಿ ಎದುರಾಗಲ್ಲ. ಇನ್ನು ಕೆಲವ್ರು ಬರೆಯೋದೇ ಎನ್‌ಟಿಪಿಸಿ ಥರದ ಸರ್ಕಾರಿ ಕಂಪನಿ ಕೆಲಸಕ್ಕೋ ನಮ್ಮ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಗೋ, ಅವ್ರಿಗೆ ಎಂ.ಟೆಕ್ ಬೇಕೇ ಇಲ್ಲ.

ಹಾಗಂತ ಸಲೀಸು ಅಂದ್ಕೋಬೇಡಿ. ಪವಾಯಿಲಿ ಕಂಪ್ಯೂಟರ್ ಸೈನ್ಸ್ ಎಂ.ಟೆಕ್ ಸಿಗೋದು ಜೆಇಇಗಿಂತ ಏನೂ ಕಮ್ಮಿ ಅಲ್ಲ, ನನ್ನ ಕೇಳಿದ್ರೆ ಅದು ಇನ್ನೂ ಕಷ್ಟ, ಅಷ್ಟು ಮೇಲಿನ ರ‍್ಯಾಂಕ್ ಬೇಕು. ಮೆಕ್ಯಾನಿಕಲ್ಲಲ್ಲಿ ಥರ್ಮಲ್, ಡಿಸೈನ್, ಮ್ಯಾನುಫ್ಯಾಕ್ಚರಿಂಗ್ ಅಂತ ಬೇರೆ ಬೇರೆ ಇರೋದ್ರಿಂದ ಸ್ವಲ್ಪ ಉಸಿರಾಡೋಕೆ ಜಾಗ ಉಂಟು, ಪವಾಯಿ ಒಂದೇ ಅಂತ ಹಠ ಬಿಟ್ರೆ ಇನ್ನೂ ಉಂಟು. ಇನ್ನೊಂದು ವಿಷ್ಯ, ಬಿ.ಟೆಕ್ ಸೀಟಿಗೆ ಹನ್ನೆರಡನೇ ಕ್ಲಾಸಿನ ಕನಿಷ್ಠ ಮಾರ್ಕ್ಸಿನ ಜೊತೆ ರ‍್ಯಾಂಕ್ ಇದ್ರೆ ಮುಗೀತು, ಯಾರೂ ಮುಖ ನೋಡಲ್ಲ. ಇಲ್ಲಿ ಡಿಗ್ರಿ ಮಾರ್ಕ್ಸೂ ನೋಡ್ತಾರೆ, ಆದ್ರಿಂದ ಕೇಟಿ (ಫೇಲಾಗಿ ಉಳಿದ ಸಬ್ಜೆಕ್ಟು) ಬೀಳದ ಹಾಗೆ ನೋಡ್ಕೊಳ್ಲಿ. ರಿಸರ್ಚ್ ಕಡೆ ಹೋದ್ರಂತೂ ಇಂಟರ್‌ವ್ಯೂಲಿ ಪ್ರಾಜೆಕ್ಟ್ ಬಗ್ಗೆ ಕೆದಕಿ ಕೆದಕಿ ಕೇಳ್ತಾರೆ, ಗೆಳತಿಯ ಪ್ರಾಜೆಕ್ಟಿಗೆ ಹೆಸರು ಸೇರ್ಸಿದ್ರೆ ಅಲ್ಲೇ ಬಯಲಾಗತ್ತೆ.

ಗೇಟ್ ಮೇಲೆ ಎಂ.ಟೆಕ್ ಸಿಕ್ರೆ ತಿಂಗ್ಳಿಗೆ 12,400 ಸ್ಟೈಪೆಂಡೂ ಸಿಗತ್ತೆ, ಇದನ್ನೂ ಮೈದುನನಿಗೆ ಹೇಳಿ. ಫಾರ್ಮು ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಬರತ್ತೆ, ಪರೀಕ್ಷೆ ಫೆಬ್ರವರಿಲಿ. ಮೊದಲ ಸಲ ಕೋಚಿಂಗಿಗೆ ದುಡ್ಡು ಸುರೀಬೇಡಿ, ಹಳೇ ಪೇಪರ್ ಬಿಡಿಸ್ಕೊಂಡು ಬರೀಲಿ, ಎಷ್ಟು ದೂರ ಇದ್ದೀನಿ ಅಂತ ಅವಳಿಗೇ ಗೊತ್ತಾಗತ್ತೆ.